ಉಗ್ರಪ್ಪನ ಅಲಿಪ್ತ ನೀತಿ

ಎಲ್ಲ ಶುರುವಾದದ್ದು ಒಂದು ತಪ್ಪಲೆ ಪಾಯಸದಿಂದ.

ಅಂದು ಉಗ್ರಪ್ಪನ ಮಗಳಿಗೆ ನಾಮಕರಣ. ಅವನಿನ್ನೂ ಹಲ್ಲುಜ್ಜುತ್ತಿರುವಾಗಲೇ ಎದುರುಮನೆಯ ಇಂದ್ರಮ್ಮನವರ ಆಳು ಬೋರಮ್ಮ ಹಿತ್ತಾಳೆ ತಪ್ಪಲೆಯ ತುಂಬ ಗಸಗಸೆ ಪಾಯಸ ತಂದು ಜಗಲಿಯ ಮೇಲಿಟ್ಟಳು.

"ಅಮ್ಮಾವ್ರು ಕೊಟ್ಟವ್ರೆ. ಮಧ್ಯಾಹ್ನಕ್ಕೆ ತೊಟ್ಟಿಲು ಕಳಿಸ್ತಾರಂತೆ. ಮಗೀಗೆ ವೆಂಕಟಲಕ್ಷ್ಮಿ ಅಂತ ಹೆಸರು ಗೊತ್ತು ಮಾಡವ್ರೆ" ಎಂದು ಒಂದೇ ಉಸಿರಿಗೆ ಹೇಳಿ ಹೊರಟುಹೋದಳು.

ಉಗ್ರಪ್ಪನ ಬಾಯಲ್ಲಿದ್ದ ಹಲ್ಲುಪುಡಿ ಗಂಟಲಿಗಿಳಿಯಿತು.

ಹೆಸರು ಉಗ್ರಪ್ಪನಾದರೂ ಆಸಾಮಿ ಇರುವೆಗೂ ದಾರಿ ಬಿಟ್ಟು ನಡೆಯುವವನು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಬೀಡಿ ಇಲ್ಲ, ಇಸ್ಪೀಟಿಲ್ಲ, ಇದ್ದದ್ದು ಪತ್ರಿಕೆಯ ಚಟವೊಂದೇ. ಆಗ ಪತ್ರಿಕೆಯ ತುಂಬ ಪಂಚಶೀಲ, ಅಲಿಪ್ತ ನೀತಿಗಳದೇ ಸುದ್ದಿ. ಸಂಜೆ ಹೊಸಹಳ್ಳಿಯ ವಾಚನಾಲಯದಲ್ಲಿ ಅವನು ಗೆಳೆಯರ ಮುಂದೆ ಕೈ ಬೀಸಿ ಹೇಳುತ್ತಿದ್ದ: "ದೊಡ್ಡ ದೇಶ ಮೊದಲು ಗೋಧಿ ಕಳಿಸ್ತದೆ, ಹಾಲಿನ ಪುಡಿ ಕಳಿಸ್ತದೆ. ಅದರ ಹಿಂದೆ ಬುದ್ಧಿವಾದ ಬರ್ತದೆ. ಬುದ್ಧಿವಾದದ ಹಿಂದೆ ಅಪ್ಪಣೆ! ಸಣ್ಣ ದೇಶಗಳು ಹುಷಾರಾಗಿರ್ಬೇಕು ಕಣ್ರಯ್ಯಾ." ಮಗಳು ಹುಟ್ಟಿದ ಗಳಿಗೆಯಲ್ಲೇ, ಪಂಚಶೀಲದ ನೆನಪಿಗೆ ಅವಳಿಗೆ ಶೀಲಾ ಎಂದೇ ಹೆಸರಿಡಬೇಕೆಂದು ಮನಸ್ಸಿನಲ್ಲಿ ಠರಾವು ಮಾಡಿಕೊಂಡಿದ್ದ.

ಆ ಬೀದಿಯ ಮಟ್ಟಿಗೆ ದೊಡ್ಡ ದೇಶವೆಂದರೆ ಇಂದ್ರಮ್ಮನವರು. ಸಿಹಿನೀರಿನ ಬಾವಿ ಅವರದು, ರೇಡಿಯೋ ಅವರದು, ಬೀಟೆಮರದ ತೊಟ್ಟಿಲೂ ಅವರದೇ. ಕೆಟ್ಟವರೇನಲ್ಲ. ಯಾರ ಮನೆಯಲ್ಲಿ ಜ್ವರ ಬಂದರೂ ಗಂಜಿ ಬರುತ್ತಿದ್ದುದು ಅವರ ಒಲೆಯಿಂದ. ಆದರೆ ಗಂಜಿಯ ಜೊತೆಗೆ ಯಾವ ಕಷಾಯ ಕುಡಿಯಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂಬ ಆಜ್ಞೆಯೂ ಬರುತ್ತಿತ್ತು. ಅವರ ತೊಟ್ಟಿಲಲ್ಲಿ ಮಲಗಿದ ಮಗುವಿನ ಕಿವಿಯಲ್ಲಿ ಹೆಸರು ಹೇಳುವವರು ಅವರೇ. ಬೇಡವೆಂದವರು ಈವರೆಗೆ ಯಾರೂ ಇರಲಿಲ್ಲ.

"ಆ ಹೆಸರಿಗೆ ಏನಾಗಿದೆ ಈಗ?" ಎಂದಳು ಹೆಂಡತಿ ನರಸಮ್ಮ, ಮಗುವಿಗೆ ಎಣ್ಣೆ ಹಚ್ಚುತ್ತ.

"ಇದು ಹೆಸರಿನ ಪ್ರಶ್ನೆ ಅಲ್ಲ ಕಣೇ. ಸ್ವಾತಂತ್ರ್ಯದ ಪ್ರಶ್ನೆ. ನಮ್ಮ ಮಗಳಿಗೆ ಹೆಸರಿಡೋಕೆ ಅವರ್ಯಾರು? ಮೊದಲು ಈ ಪಾಯಸ ವಾಪಸ್ಸು ಕೊಟ್ಟು ಬರ್ತೀನಿ."

ನರಸಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಪ್ಪಲೆ ಎತ್ತಿಕೊಂಡು ಬೀದಿ ದಾಟಿದ್ದ.

ಎದುರುಮನೆಯ ಪಡಸಾಲೆಯಲ್ಲಿ ಇಂದ್ರಮ್ಮನವರು ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದರು. ದಾರಿಯುದ್ದಕ್ಕೂ ಉಗ್ರಪ್ಪ ಕಟ್ಟಿಕೊಂಡು ಬಂದಿದ್ದ ಭಾಷಣ, ಅವರು ತಲೆಯೆತ್ತಿ ನೋಡಿದ ಕೂಡಲೇ ಒಣಗಿಹೋಯಿತು.

"ಇದು... ಪಾಯಸ... ನಮ್ಮನೆಯಿಂದ..." ಎಂದಷ್ಟೇ ತೊದಲಿದ.

ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ತುಂಬಿ ಕೊಟ್ಟದ್ದನ್ನು ತುಂಬಿಯೇ ಕೊಡುವುದು ಪದ್ಧತಿ. ಇಂದ್ರಮ್ಮನವರ ಮುಖ ಅರಳಿತು. "ಇಷ್ಟು ಬೇಗ ನೀವೂ ಮಾಡಿ ಕಳಿಸಿದ್ರಾ! ಬಾಣಂತಿ ಒಲೆ ಮುಂದೆ ಯಾಕೆ ಕೂತ್ಲಪ್ಪಾ?" ಎಂದು ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿದರು. ಹುಬ್ಬು ಗಂಟಾಯಿತು. "ಏಲಕ್ಕಿ ಕಮ್ಮಿ. ಗಸಗಸೆ ಹುರಿದದ್ದೂ ಸಾಲದು. ಪಾಪ, ಚಿಕ್ಕ ಹುಡುಗಿ, ಅವಳಿಗೇನು ಗೊತ್ತು? ಬೋರಮ್ಮಾ, ಇವರ ಮನೆಗೆ ಒಂದು ದೊಡ್ಡ ಕೊಳದಪ್ಪಲೆ ಪಾಯಸ ಕೊಡೇ. ಹಾಗೇ ಹೋಳಿಗೆನೂ ಕಟ್ಟು."

ಒಂದು ತಪ್ಪಲೆ ಹೊತ್ತು ಹೋದವನು ಕೊಳದಪ್ಪಲೆ ಹೊತ್ತು ಬಂದ. ನರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಒಬ್ಬನೇ ಎದುರಿಸಿದರೆ ಆಗದು, ಸಣ್ಣವರೆಲ್ಲ ಒಂದಾಗಬೇಕು ಎಂದುಕೊಂಡ ಉಗ್ರಪ್ಪ. ಪಕ್ಕದ ಮನೆಯ ಅಂಜಿನಯ್ಯನನ್ನೂ ಸ್ಕೂಲು ಮೇಷ್ಟ್ರು ಕೃಷ್ಣಯ್ಯನವರನ್ನೂ ಹಿತ್ತಲಿನ ನುಗ್ಗೆಮರದ ಕೆಳಗೆ ಸೇರಿಸಿದ. ಇಬ್ಬರೂ ವಾಚನಾಲಯದಲ್ಲಿ ಅವನ ಮಾತಿಗೆ ತಲೆದೂಗುತ್ತಿದ್ದವರೇ.

"ಸರಿಯಾಗಿ ಹೇಳ್ದೆ ಕಣಯ್ಯಾ! ಎಷ್ಟು ದಿನ ಅಂತ ಈ ದಬ್ಬಾಳಿಕೆ!" ಎಂದ ಅಂಜಿನಯ್ಯ, ಎರಡನೆಯ ಹೋಳಿಗೆ ಮುಗಿಸುತ್ತ.

"ಹಾಗಾದ್ರೆ ಮಧ್ಯಾಹ್ನ ನನ್ನ ಜೊತೆ ನಿಂತ್ಕೊಂಡು ತೊಟ್ಟಿಲು ಬೇಡ ಅಂತೀಯಾ?"

ಅಂಜಿನಯ್ಯನ ಬಾಯಿ ನಿಂತಿತು. "ಅಲ್ಲಯ್ಯಾ, ನಮ್ಮ ಎಮ್ಮೆ ನೀರು ಕುಡಿಯೋದು ಅವರ ಬಾವೀಲಿ. ನಾನೇನೋ ಅಲಿಪ್ತ ಆಗಿರ್ತೀನಿ. ಎಮ್ಮೆಗೆ ಯಾರು ಹೇಳೋರು?"

"ಮೇಷ್ಟ್ರೇ, ನೀವು?"

ಕೃಷ್ಣಯ್ಯನವರು ಕನ್ನಡಕ ಒರೆಸಿಕೊಂಡರು. "ನನ್ನ ಪೂರ್ತಿ ನೈತಿಕ ಬೆಂಬಲ ಇದೆ ಉಗ್ರಪ್ಪಾ. ಆದ್ರೆ ರೇಡಿಯೋ ವಾರ್ತೆ ಅವರ ಮನೇಲೇ ಕೇಳ್ಬೇಕು ನೋಡಿ. ನಾನು ಬಂದಿದ್ದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ" ಎಂದು ಬೇಲಿ ಸಂದಿಯಿಂದಲೇ ನುಸುಳಿದರು.

ಇನ್ನುಳಿದದ್ದು ಸ್ವಾವಲಂಬನೆ. ತೊಟ್ಟಿಲೇ ಬೇಡ, ಸೀರೆಯ ಜೋಲಿ ಸಾಕು! ಉಗ್ರಪ್ಪ ಹೆಂಡತಿಯ ಹಳೆಯ ಸೀರೆಯನ್ನು ನಡುಮನೆಯ ಜಂತೆಗೆ ಬಿಗಿದ. ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವುದು ಹೇಗೂ ಶಾಸ್ತ್ರ. ಅದನ್ನೇ ಜೋಲಿಯಲ್ಲಿಟ್ಟು ಎರಡು ಬಾರಿ ತೂಗಿದ. ಮೂರನೆಯ ಬಾರಿಗೆ ಗೆದ್ದಲು ತಿಂದ ಜಂತೆ ಲಟಕ್ಕೆಂದಿತು. ಗುಂಡುಕಲ್ಲು ಉರುಳಿ ಕೊಳದಪ್ಪಲೆಗೆ ಬಡಿಯಿತು. ಪಾಯಸ ನಡುಮನೆಯನ್ನೆಲ್ಲ ಆವರಿಸಿತು. ಮೇಲಿಂದ ನಾಲ್ಕು ನಾಡಹೆಂಚುಗಳು ಬಿದ್ದು, ಉಗ್ರಪ್ಪನ ತಲೆಯ ಮೇಲೆ ಹಿಡಿ ಮಸಿ ಸುರಿಯಿತು.

ಆ ಸದ್ದಿಗೆ ಇಂದ್ರಮ್ಮನವರೇ ಓಡಿಬಂದರು. ಹಿಂದೆ ಪೊರಕೆ ಹಿಡಿದ ಬೋರಮ್ಮ, ಅವಳ ಹಿಂದೆ ಬೀಟೆಮರದ ತೊಟ್ಟಿಲು ಹೊತ್ತ ಇಬ್ಬರು ಆಳುಗಳು. ಅರ್ಧ ಗಂಟೆಯಲ್ಲಿ ನಡುಮನೆ ಸಾರಿಸಿ, ರಂಗೋಲಿ ಬಿಟ್ಟು, ತೊಟ್ಟಿಲಿಗೆ ಹೂ ಸುತ್ತಿ ಆಗಿತ್ತು. ಬೀದಿಯ ಹೆಂಗಸರೆಲ್ಲ ಬಂದು ಕೂತರು. ಗುಂಡುಕಲ್ಲಿನ ಶಾಸ್ತ್ರ ಮುಗಿದು ಮಗು ತೊಟ್ಟಿಲು ಸೇರಿತು. ಇಂದ್ರಮ್ಮನವರು ಅದರ ಕಿವಿಗೆ ಬಾಗಿದರು.

"ನಿಲ್ಸಿ!"

ಕೂಗಿದವನು ತಾನೇ ಎಂದು ತಿಳಿದು ಉಗ್ರಪ್ಪನಿಗೂ ಆಶ್ಚರ್ಯವಾಯಿತು. ಮಸಿ ಮುಖದಲ್ಲಿ ಕಣ್ಣೆರಡೇ ಬೆಳ್ಳಗೆ ಕಾಣುತ್ತಿದ್ದವು. "ನನ್ನ ಮಗಳ ಹೆಸರು ಶೀಲಾ. ನಮ್ಮ ಮನೆ ವಿಚಾರದಲ್ಲಿ ಹೊರಗಿನೋರು ಕೈ ಹಾಕೋದು ಬೇಡ!"

ಇಂದ್ರಮ್ಮನವರು ಸಿಟ್ಟಾಗಲಿಲ್ಲ. ಮೆಲ್ಲಗೆ ತಿರುಗಿ ನರಸಮ್ಮನನ್ನು ನೋಡಿದರು. "ಏನೇ, ಗಂಡನಿಗೆ ಹೇಳೇ ಇಲ್ವಾ?"

ನರಸಮ್ಮ ತಲೆ ತಗ್ಗಿಸಿದಳು. "ಹೇಳ್ದೆ ಅಮ್ಮಾವ್ರೆ. ಪೇಪರ್ ಹಿಂದಿನಿಂದ ಹ್ಞೂಂ ಅಂದ್ರು. ಕಿವಿಗೆ ಬಿದ್ದಿರಲ್ಲ ಅಂತ ಗೊತ್ತಾಯ್ತು. ಅದಕ್ಕೇ ನಿಮ್ಮ ಹತ್ರ ಬಂದೆ."

"ಏನು ಹೇಳ್ದೆ?" ಎಂದ ಉಗ್ರಪ್ಪ.

"ವೆಂಕಟಲಕ್ಷ್ಮಿ ಅನ್ನೋದು ನಮ್ಮಮ್ಮನ ಹೆಸರು ಕಣ್ರೀ. ಮೊಮ್ಮಗಳ ಮುಖ ನೋಡ್ದೇ ಹೋದ್ಲು. ಹೆಸರಾದ್ರೂ ಮನೇಲಿ ಇರ್ಲಿ ಅಂತ ನಾನೇ ಅಮ್ಮಾವ್ರನ್ನ ಬೇಡ್ಕೊಂಡೆ."

ಉಗ್ರಪ್ಪ ಬೆಪ್ಪಾದ. ಕೆಂಗೇರಿಯ ಅತ್ತೆಯನ್ನು ಊರೆಲ್ಲ ತೋಟದವ್ವ ಎಂದು ಕರೆಯುತ್ತಿತ್ತು, ಅವನೂ ಹಾಗೇ ಕರೆಯುತ್ತಿದ್ದ. ಹಿರಿಯರನ್ನು ಹೆಸರು ಹಿಡಿದು ಕರೆಯುವವರು ಯಾರು? ಆಕೆಗೆ ಬೇರೊಂದು ಹೆಸರಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ದೊಡ್ಡ ದೇಶ ಬೇಲಿ ಹಾರಿ ಬಂದಿರಲಿಲ್ಲ. ಒಳಗಿನವರೇ ಬಾಗಿಲು ತೆಗೆದು ಕರೆದಿದ್ದರು. ಹೆಂಡತಿಯ ಒದ್ದೆ ಕಣ್ಣು ನೋಡಿ ಅವನು ಇಂದ್ರಮ್ಮನವರ ಕಡೆ ತಿರುಗಿದ.

"ಆ ಹೆಸರೇ ಹೇಳಿ ಇಂದ್ರಮ್ಮನೋರೇ" ಎಂದ ಮೆಲ್ಲಗೆ.

ಅವರು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ಆಮೇಲೆ ಮೈ ನೆಟ್ಟಗೆ ಮಾಡಿಕೊಂಡು, "ಕಿವೀಲಿ ಅದು ಇರ್ಲಿ. ಕರೆಯೋಕೆ ಶೀಲಾ ಅಂತ ಇಟ್ಕೊಳ್ಳೋಣ. ಚೆನ್ನಾಗಿದೆ ಹೆಸರು. ಎಲ್ರೂ ಕೇಳಿಸ್ಕೊಂಡ್ರಾ? ಇವತ್ತಿಂದ ಇವಳು ಶೀಲಾ!" ಎಂದು ಸಾರಿದರು.

ಉಗ್ರಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಮುಖ ತೊಳೆದುಕೊಂಡು ಬಂದು, ತಾಂಬೂಲ ಹಿಡಿದು ಬಾಗಿಲಲ್ಲಿ ಗೆದ್ದವನಂತೆ ನಿಂತ. ಊಟಕ್ಕೆಂದೇ ತಡವಾಗಿ ಬಂದಿದ್ದ ಅಂಜಿನಯ್ಯ ಕೈ ತೊಳೆದು, ಅವನ ಹೆಗಲ ಮೇಲೆ ಕೈ ಹಾಕಿದ.

"ಬೆಳಗ್ಗೆ ಸುಮ್ನೆ ಕೂಗಾಡ್ದೆ ಕಣಯ್ಯಾ ನೀನು. ಇಂದ್ರಮ್ಮನೋರ ಕೈಲೇ ಹೆಸರಿಡಿಸ್ಬೇಕು ಅಂತ ಊರು ಅನ್ನೋದು ಇದಕ್ಕೇ. ಶೀಲಾ! ಆಹಾ, ನಮ್ಮಂಥ ದಡ್ಡರಿಗೆ ಹೊಳೀತಿತ್ತಾ ಇಂಥ ಹೆಸರು? ನಮ್ಮ ಮಗಳು ಯಶೋದೆಗೆ ಮುಂದಿನ ತಿಂಗಳು ಹೆಣ್ಣಾದ್ರೆ ಅದಕ್ಕೂ ಇದೇ ಹೆಸರು ಅಂತ ಅಮ್ಮಾವ್ರು ಆಗ್ಲೇ ಅಪ್ಪಣೆ ಕೊಟ್ಟಾಯ್ತು."