ಚಿತ್ರವನ್ನು ಬೆನ್ನ ಹಿಂದೆ ತೆರೆಯುವ ಬ್ರೌಸರಿನ ನಿರ್ಮಾತೃಗಳಿಗೆ

ನನ್ನನ್ನು ಕೇಳದೆಯೇ ನನ್ನ ಬ್ರೌಸರನ್ನು ಸುಧಾರಿಸಿದ ಮಾನ್ಯರೇ,

ನಾರಿನ್ ಪಟ್ಟಣದ ನದಿಯಂಚಿನ ಬೀದಿಯಿಂದ ತಮಗೆ ನಮಸ್ಕಾರಗಳು. ತಮ್ಮ ಕುರಿ ಕುದುರೆಗಳೂ ಮನೆಮಂದಿಯೂ ಕ್ಷೇಮವೆಂದು ನಂಬಿದ್ದೇನೆ. ನಾನು ಎಸೆನ್‌ಕುಲ್, ನಿವೃತ್ತ ಭೂಗೋಳ ಮೇಷ್ಟ್ರು. ನನ್ನ ಹೆಂಡತಿ ಕಾಲಿಪಾ ಮತ್ತು ಅವಳ ಗೆಳತಿಯರು ಉಣ್ಣೆಯನ್ನು ಮಿದ್ದು, ಕತ್ತರಿಸಿ, ಹೊಲಿದು ಮಾಡುವ ಶಿರ್ದಾಕ್ ಹಾಸುಗಳಿಗೆಂದು ಒಂದು ಜಾಲತಾಣ ಇದೆ. ಅದನ್ನು ನೋಡಿಕೊಳ್ಳುವ ತಜ್ಞ ನಾನೇ. ತಜ್ಞನೆಂದು ನೇಮಿಸಿದವನೂ ನಾನೇ.

ಆ ತಾಣದಲ್ಲಿ ಪುಟ್ಟ ಚಿತ್ರವನ್ನು ಒತ್ತಿದರೆ ದೊಡ್ಡ ಚಿತ್ರ ಕಣ್ಣೆದುರೇ ತೆರೆದುಕೊಳ್ಳುತ್ತಿತ್ತು. ತಮ್ಮ ಕೃಪೆಯಿಂದ ಈಗ ಅದು ಬೇರೊಂದು ಟ್ಯಾಬಿನಲ್ಲಿ, ಹೊಸ ಸೊಸೆಯಂತೆ ಸದ್ದಿಲ್ಲದೆ, ಹಿಂದೆ ಹೋಗಿ ನಿಲ್ಲುತ್ತದೆ. ಇಂಥ ವಿನಯವನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ. ಆದರೆ ಮಾನ್ಯರೇ, ಇದನ್ನು ನನಗೊಬ್ಬರಾದರೂ ಹೇಳಬೇಕಿತ್ತಲ್ಲವೇ?

ರಾಜಧಾನಿಯ ಪ್ರದರ್ಶನಕ್ಕೆ ಹಾಸು ಆರಿಸಲು ಝೀಪಾರ್ ಎಂಬ ಹೆಣ್ಣುಮಗಳು ನಮ್ಮೂರಿಗೆ ಬರುವ ದಿನ ಬೆಳಿಗ್ಗೆ, ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಚಿತ್ರವನ್ನು ಒತ್ತಿದೆ. ಅದು ಹಾಸಿನ ಚಿತ್ರವಲ್ಲ. ಬಿಳಿ ಟೋಪಿ ತೊಟ್ಟು ಕುದುರೆಯ ಮೇಲೆ ಕುಳಿತ ನನ್ನದು, ತಾಣದ ಕೆಳತುದಿಯಲ್ಲಿ ನಾನೇ ಸೇರಿಸಿದ್ದು. ಏನೂ ತೆರೆಯಲಿಲ್ಲ. ಮತ್ತೆ ಒತ್ತಿದೆ. ಅಂಥ ಚಿತ್ರವನ್ನು ಸುಲಭಕ್ಕೆ ಬಿಡುವವನಲ್ಲವಾದ್ದರಿಂದ ಬೆರಳು ನೋಯುವವರೆಗೆ ಒತ್ತಿದೆ. ಮೇಲೆ ಸಾಲುಗಟ್ಟುತ್ತಿದ್ದ ಟ್ಯಾಬುಗಳು ಕಾಣಲು ಕನ್ನಡಕ ಬೇಕಿತ್ತು. ಕನ್ನಡಕ ಹಾಕಿದರೆ ನಾನು ಮುದುಕನಂತೆ ಕಾಣುತ್ತೇನೆ.

ಮಧ್ಯಾಹ್ನ ಸಂಸ್ಕೃತಿ ಭವನದಲ್ಲಿ ಗೋಡೆಯಗಲದ ಪರದೆ. ಬೆಳಗಿನ ಅದೇ ಲ್ಯಾಪ್‌ಟಾಪನ್ನು, ಏನನ್ನೂ ಮುಚ್ಚದೆ, ಹಾಗೆಯೇ ತಂದು ಅದಕ್ಕೆ ಜೋಡಿಸಿದೆ. ಚಳಿಗಾಲವಿಡೀ ಹೊಲಿದು ಬೆರಳ ತುದಿ ಒಡೆಸಿಕೊಂಡ ಕಾಲಿಪಾ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಅವಳ ಕೆಂಪು ಹಾಸಿನ ಚಿತ್ರವನ್ನು ಒತ್ತಿದೆ. ಗೋಡೆ ಮಿಸುಕಲಿಲ್ಲ. "ನಮ್ಮ ಬೆಟ್ಟಗಳಲ್ಲಿ ಇಂಟರ್ನೆಟ್ಟೂ ಏದುಸಿರು ಬಿಡುತ್ತೆ ನೋಡಿ" ಎಂದು ನಕ್ಕೆ. ಯಾರೂ ನಗಲಿಲ್ಲ. ಗಾಬರಿಯಲ್ಲಿ ಆ ಪುಟವನ್ನೇ ಮುಚ್ಚಿದಾಗ ಗೋಡೆ ತುಂಬ ನಾನು, ಕುದುರೆಯ ಮೇಲೆ. ಅದನ್ನು ಮುಚ್ಚಿದರೆ ಅದರ ಹಿಂದೆಯೂ ನಾನು. ಅದರ ಹಿಂದೆಯೂ.

"ಕುದುರೆ ಚೆನ್ನಾಗಿದೆ. ಯಾರದು?" ಎಂದು ಝೀಪಾರ್ ಕೇಳಿದಳು.

"ಪಕ್ಕದ ಮನೇದಮ್ಮಾ. ಮೇಲೆ ಕೂತಿರೋದು ಮಾತ್ರ ನಮ್ಮನೇದು" ಎಂದಳು ಕಾಲಿಪಾ. ಆಮೇಲೆ ನನ್ನ ಕಡೆ ತಿರುಗಿ, "ಆಯ್ತೇನ್ರೀ ನಿಮ್ಮ ಮೆರವಣಿಗೆ? ಇಳೀರಿ ಇನ್ನ" ಎಂದಳು.

ನಾನು ಇಳಿಯುವುದರೊಳಗೆ ಅವಳು ಗೆಳತಿ ಸೈರಾಳೊಡನೆ ಮನೆಗೆ ಹೋಗಿ, ಹಾಸನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದು ನೆಲದ ಮೇಲೆ ಬಿಡಿಸಿದಳು. ಝೀಪಾರ್ ಬೂಟು ಕಳಚಿ ಮಂಡಿಯೂರಿದಳು. ಅಂಚನ್ನು ಮಗುಚಿ ಹಿಂಬದಿಯ ಹೊಲಿಗೆಯನ್ನು ಬೆರಳಲ್ಲಿ ಸವರಿದಳು.

"ಅಕ್ಕಾ, ಇಲ್ಲಿಗೆ ಬರೋ ಮುಂಚೆ ಫೋಟೋದಲ್ಲಿ ನೋಡಿ ಇದನ್ನ ಬೇಡ ಅಂತ ಬಿಟ್ಟಿದ್ದೆ. ಅದ್ರಲ್ಲಿ ಈ ಕೆಂಪು ಸುಟ್ಟ ಕುರಿ ಲಿವರ್ ಥರ ಇತ್ತು."

"ಫೋಟೋ ತೆಗ್ದಿದ್ದು ಇವ್ರು" ಎಂದಳು ಕಾಲಿಪಾ.

ಹಾಸು ಆಯ್ಕೆಯಾಯಿತು. ಕಾಲಿಪಾ ಒಡೆದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಳು. ಅಷ್ಟು ಹೊತ್ತು ಅವಳು ಸರಿಯಾಗಿ ಉಸಿರೇ ಆಡಿರಲಿಲ್ಲವೆಂದು ನನಗೆ ಆಗ ತಿಳಿಯಿತು.

ಆದ್ದರಿಂದ ಮಾನ್ಯರೇ, ನನ್ನ ದೂರು ಬಲು ಇಕ್ಕಟ್ಟಿನಲ್ಲಿದೆ. ಹಳೆಯ ಪದ್ಧತಿಯೇ ಇದ್ದಿದ್ದರೆ ನಾನು ತೆಗೆದ ಚಿತ್ರ ಗೋಡೆಯಗಲಕ್ಕೆ ತೆರೆದು ನಮ್ಮನ್ನು ಮುಳುಗಿಸುತ್ತಿತ್ತು. ತಮ್ಮನ್ನು ಬೈಯಲೆಂದು ಕೂತವನು ಹೊಗಳಿ ಏಳಬೇಕಾಗಿದೆ. ಒಂದೇ ಬಿನ್ನಹ: ಮುಂದಿನ ಸುಧಾರಣೆಯಲ್ಲಿ, ಯಾರಾದರೂ ತನ್ನದೇ ಚಿತ್ರವನ್ನು ಎರಡನೆಯ ಸಲ ಒತ್ತಿದರೆ ಬ್ರೌಸರು ಮೆಲ್ಲಗೆ ಒಮ್ಮೆ ಕೆಮ್ಮುವಂತೆ ಮಾಡಿ.

ತಮ್ಮ ವಿಶ್ವಾಸಿಯೂ ತಮ್ಮ ಹಿಂಬದಿ ಟ್ಯಾಬುಗಳ ಕಾಯಂ ನಿವಾಸಿಯೂ ಆದ,
ಎಸೆನ್‌ಕುಲ್

ವಿ.ಸೂ.: ತಾಣದ ಕೆಲಸ ಈಗ ಸೈರಾಳ ಸೊಸೆಗೆ ಹೋಗಿದೆ. ನನಗೆ ಕೋಲು ಕೊಟ್ಟು ಉಣ್ಣೆ ಬಡಿಯಲು ಕೂರಿಸಿದ್ದಾರೆ. ಈ ಕೋಲು ಬಡಿದ ಕಡೆಯೇ ಬೀಳುತ್ತದೆ. ದಯವಿಟ್ಟು ಇದನ್ನು ಸುಧಾರಿಸಬೇಡಿ.