ಮಾತಿಗೆ ಕೀಲಿ ಬಿತ್ತು!

ಗುಟ್ಟು ಕಾಯಲು ದೇಶಕ್ಕೆ ಉಪಗ್ರಹ ಬೇಕಾಗಬಹುದು; ರೋಣದ ಬಟ್ಟೆ ವ್ಯಾಪಾರಿಯಾದ ನನಗೆ ನನ್ನ ತಲೆಯೇ ಸಾಕು ಎಂದುಕೊಂಡಿದ್ದೆ. ಪೇಪರಿನಲ್ಲಿ ಓದಿದ್ದೆನಲ್ಲ! ಉಪಗ್ರಹವು ಬೆಳಕಿನ ಕಣಗಳ ಮೂಲಕ ಸಂದೇಶ ಕಳಿಸುವವ, ಪಡೆಯುವವ ಇಬ್ಬರಿಗೂ ಗುಟ್ಟಿನ ಕೀಲಿಕೈ ತಲುಪಿಸುತ್ತದಂತೆ. ಅದಿದ್ದವರಿಗಷ್ಟೇ ಸಂದೇಶ ತಿಳಿಯುತ್ತದೆ. ನಡುವೆ ಯಾರಾದರೂ ಇಣುಕಿದರೆ ಕಣವೇ ಬದಲಾಗಿ ಕಳ್ಳತನ ಬಯಲಾಗುತ್ತದೆ!

ನಮ್ಮಲ್ಲಿ ಇಣುಕುವವರು ಪಕ್ಕದ ಮನೆಯ ಶಾಂತಕ್ಕ. ಮಗಳು ರೇಖಾಳಿಗೆ ನರಗುಂದದ ಸಂಬಂಧ ಬಂದಿತ್ತು. ಹುಡುಗ ಅವಳಿಗೆ ಭಾಳ ಹಿಡಿಸಿದ್ದ. ಪಕ್ಕಾ ಆಗುವ ತನಕ ಸುದ್ದಿ ಹೊರಬೀಳಬಾರದೆಂದು ಹೆಂಡತಿ ಗಿರಿಜಾಳ ಕಟ್ಟಪ್ಪಣೆ. ನಡುವೆ ನಿಂತು ಮಾತಾಡುತ್ತಿದ್ದವನು ನರಗುಂದದ ಗೆಳೆಯ ಮೆಹಬೂಬ.

ಅವನಿಗೆ ಫೋನು ಹಚ್ಚಿದೆ. "ನೇರ ಹೇಳಬ್ಯಾಡಪಾ. ಕೀಲಿ ಭಾಷಾದಾಗ ಬರದು ಕಳಸು!"

"ಆತು ಬಿಡೋ," ಎಂದ. ಯಾವ ಮಾತಿಗೆ ಯಾವ ಅರ್ಥವೆಂದು ಅವನು ಕೇಳಲಿಲ್ಲ. ಶಾಂತಕ್ಕನ ಕಿವಿಗೆ ಬಿದ್ದೀತೆಂದು ನಾನೂ ಹೇಳಲಿಲ್ಲ.

ಮರುದಿನ ಸಂದೇಶ ಬಂತು: "ಕೀಲಿ ಬಿತ್ತು!"

ಫೋನು ಕೆಳಗಿಟ್ಟೆ. "ಏನಂತ್ರಿ?" ಎಂದಳು ಗಿರಿಜಾ.

"ಅವರ ಬಾಗಲಾ ಮುಚ್ಚಿತು."

ರೇಖಾ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಕಡಿಂದನೂ ಕೀಲಿ!" ಎಂದು ಉತ್ತರ ಬರೆದೆ. ಮಗಳ ಮನಸ್ಸಿಗೆ ಸಮಾಧಾನವಾಗಲೆಂದು ಮನೆಗೆ ಕೀಲಿ ಜಡಿದು ಮೂವರೂ ಇಟಗಿಯ ಗುಡಿಗೆ ಹೊರಟೆವು.

ಇನ್ನೂ ಕೈಮುಗಿದು ನಿಂತಿದ್ದೆವು, ಶಾಂತಕ್ಕನ ಫೋನು ಬಂತು.

"ಎಲ್ಲಿ ಹೋಗೀರಿ ಮಾರಾಯ್ರ? ಬೀಗರು ಬಂದಾರ್ರೀ! ಕೀಲಿ ನೋಡಿ ಹೊಂಟಿದ್ರು. ಕೈಹಿಡದು ನಮ್ಮನಿಯಾಗ ಕುಂದ್ರಿಸಿ, ಉಪ್ಪಿಟ್ಟು ಮಾಡಿ ಹಾಕೀನಿ. ಲಗೂ ಬರ್ರಿ!"

ಓಡೋಡಿ ಶಾಂತಕ್ಕನ ಮನೆಗೆ ಬಂದೆವು. ಮೆಹಬೂಬ ನನ್ನ ಮೇಲೇ ಹರಿಹಾಯ್ದ. "ಕೀಲಿ ಬಿತ್ತು ಅಂದ್ರ ಮಾತಿಗೆ ಕೀಲಿ ಬಿತ್ತು, ಪಕ್ಕಾ ಆತು ಅಂತಲೋ! ನೀನೂ ಕೀಲಿ ಅಂದಿ, ಅದಕ್ಕ ಕರಕೊಂಡ ಬಂದೆ!"

ಕೀಲಿಕೈ ಇಬ್ಬರಿಗೂ ಮೊದಲು ಮುಟ್ಟಲಿ ಎಂದೇ ಆ ವಿಜ್ಞಾನಿಗಳು ಅಷ್ಟು ಮೇಲಕ್ಕೆ ಉಪಗ್ರಹ ಹಾರಿಸಿದ್ದರು. ನನ್ನ ತಲೆ ಅಷ್ಟು ಮೇಲಿರಲಿಲ್ಲ!

ಹುಡುಗನ ತಾಯಿ ಕೇಳಿದರು: "ನಿಮಗ ಖರೇನ ಒಪ್ಪಿಗಿ ಐತೇನ್ರೀ?"

ರೇಖಾ ನನ್ನನ್ನೇ ನೋಡುತ್ತಿದ್ದಳು. ಸುಮ್ಮನೆ ಗೋಣು ಆಡಿಸಿದೆ.

"ಬಾಯಿಬಿಟ್ಟು ಹೇಳ್ರಿ!" ಗಿರಿಜಾ, ರೇಖಾ, ಮೆಹಬೂಬ, ಶಾಂತಕ್ಕ ಎಲ್ಲರೂ ಒಮ್ಮೆಲೇ ಚೀರಿದರು.

"ಹೌದ್ರೀ!" ಎಂದೆ. ಓಣಿಗೆಲ್ಲ ಕೇಳಿಸಿತಂತೆ.