ಹಳೇ ಪಿನ್ನು ಎಲ್ಲೈತ್ರಿ, ಮಿಸ್ತ್ರಿ?

ಪಾನಾ ಸುತ್ತಿಗಿ ಹಿಡದವನ್ನ ನಂಬೂ ಮಾಲಕ ನನಗಿನ್ನೂ ಸಿಕ್ಕಿಲ್ಲ. ಒಬ್ಬರು ಅಂತಲ್ಲ, ಒಂದೂರು ಅಂತಲ್ಲ, ನಾ ಕಾಲಿಟ್ಟಲ್ಲೆಲ್ಲ ಇಂಥವು ಆಗಕೋತನ ಬಂದಾವು.

ಎಂಬತ್ತರ ದಶಕದಾಗ ಹಳೇ ಗ್ಯಾರೇಜು ಬಿಟ್ಟು ಶಿಗ್ಗಾಂವ್ಯಾಗ ಸ್ವಂತ ಕೆಲಸ ಶುರು ಮಾಡಿದ್ದೆ. ಮಣ್ಣು ಅಗಿಯೋ ಸಣ್ಣ ಮಷೀನು ಆಗಷ್ಟ ನಮ್ಮ ಕಡೆ ಬಂದಿದ್ವು. ಅದರ ತೋಳಿಗೆ ಬಕೆಟ್ಟು ಕೂಡೋ ಜಾಗಾದಾಗ ಗೇಣುದ್ದದ ಉಕ್ಕಿನ ಪಿನ್ನು ಇರತೈತಿ. ಆ ಪಿನ್ನು ತಿರುಗಾಕ ಬಳಿಯಂಥ ಬುಶ್ಶು. ಎರಡೂ ಸವದ್ರ ಬಕೆಟ್ಟು ಮುದುಕನ ಹಲ್ಲಿನಂಗ ಅಳ್ಳಾಡತೈತಿ. ಹಳೇವು ತಗದು ಹೊಸಾವು ಹಾಕೂದು ನನ್ನ ಕೆಲಸ. ನಾಕು ತಾಲೂಕಿನ್ಯಾಗ ಇಂಥ ಮಷೀನು ಬೆರಳಿನ ಮ್ಯಾಲ ಎಣಸುವಷ್ಟು ಇದ್ವು. ಒಬ್ಬ ಮಾಲಕ ‘ಈ ಮಿಸ್ತ್ರಿ ಮಾಲು ಬದಲಿ ಮಾಡ್ತಾನ’ ಅಂದ್ರ ಸಾಕು, ಉಳದವರೂ ಕರಿಯೂದು ಬಿಡತಿದ್ರು. ನಾ ತಿರುಗಿ ಹಳೇ ಗ್ಯಾರೇಜಿಗೆ ಹೋಗಿ ಕೈಕಟ್ಟಿ ನಿಲ್ಲಬೇಕಿತ್ತು. ಸತ್ತರೂ ಆ ಕೆಲಸ ನನ್ನ ಕೈಲೆ ಆಗತಿರಲಿಲ್ಲ.

೧. ತಣ್ಣನ್ನ ಕಬ್ಬಿಣ

ಹೊಸಾ ಬುಶ್ಶು ಬಿಗಿ ಇರತೈತಿ. ಸುತ್ತಿಗಿಲೆ ಹೊಡದ್ರ ಒಡೀತೈತಿ, ಥಂಡಿ ಮಾಡಿದ್ರ ಕೂದಲೆಳಿಯಷ್ಟು ಕುಗ್ಗತೈತಿ, ಆರಾಮ ಒಳಗ ಹೋಗತೈತಿ. ಅದಕ್ಕ ಶಿಗ್ಗಾಂವಿ ಬಸ್‌ ಸ್ಟ್ಯಾಂಡಿನ ಹತ್ರ ಐಸ್‌ ಕ್ಯಾಂಡಿ ಮಾಡವರ ಕಡೆ ಹೋದೆ, ಅರಿವ್ಯಾಗ ಸುತ್ತಿದ ಬುಶ್ಶು ಹಿಡಕೊಂಡು.

“ಗಂಟಿನ್ಯಾಗ ಏನೈತ್ರಿ?” ಅಂದ ಕ್ಯಾಂಡಿಯವ.

“ಕಬ್ಬಿಣ.”

“ಕಬ್ಬಿಣ ಯಾರರ ಐಸ್‌ನ್ಯಾಗ ಇಡತಾರೇನ್ರಿ? ಬಾಟ್ಲಿ ಅಂತ ಖರೇ ಹೇಳ್ರಿ, ಇಡೋಣಂತ.”

ಬಿಚ್ಚಿ ತೋರಿಸಿದೆ. ಅವನ ಮುಖ ಇನ್ನೂ ಗಂಟಾತು. “ಬಾಟ್ಲಿ ಆಗಿದ್ರ ಚಲೋ ಇತ್ತು. ಇದು ಏನೋ ಬ್ಯಾರೇನ ಐತಿ,” ಅಂದ.

ಹೆಂಗೋ ಒಪ್ಪಿಸಿ, ಎರಡು ತಾಸು ಇಟ್ಟು, ಓಡಿಬಂದು ಮಷೀನಿಗೆ ಹಿಡದೆ. ಬುಶ್ಶು ಸರಕ್ಕನ ಒಳಗ ಹೋತು. ನನಗ ಖುಷಿ. ಮಗ್ಗಲಕ ನಿಂತಿದ್ದ ಮಾಲಕರಿಗೆ ಸಂಶಯ.

“ಸುತ್ತಿಗಿ ಮುಟ್ಟದ ಹೋತಲ್ರಿ! ಸಣ್ಣ ಸೈಜು ತಂದೀರಿ ಹೌದಲ್ಲೋ?”

ತಿಳಿಸಿ ಹೇಳಿದೆ. ಕೇಳಲಿಲ್ಲ. ಕಡೀಕ ಬೇಸತ್ತು ಒಂದು ಕಟ್ಟಿಗಿ ತುಂಡು ಇಟ್ಟು ಅದರ ಮ್ಯಾಲ ಧಡ್ ಧಡ್ ಅಂತ ಬೆವರು ಇಳಿಯೂತನಕ ಹೊಡದೆ. ಬುಶ್ಶಿಗೆ ಒಂದು ಪೆಟ್ಟೂ ಬೀಳಲಿಲ್ಲ.

ಮಾಲಕರು ಗೋಣು ಹಾಕಿದ್ರು. “ಹಾಂ, ಈಗ ನೋಡ್ರಿ ಕೆಲಸ ಅನಸ್ತು.”

೨. ಗಂಟಿ

ಹಾನಗಲ್ಲಿನ್ಯಾಗ ಒಬ್ಬರ ಮಷೀನು ಕೆರಿ ಹೂಳು ಎತ್ತಾಕತ್ತಿತ್ತು. ಪಿನ್ನು ಬುಶ್ಶು ಹಾಕಿ ಬಂದು ಮೂರು ದಿನ ಆಗಿಲ್ಲ, ‘ಲಗೂ ಬರ್ರಿ, ಮಾಲಕರು ಸಿಟ್ಟಾಗ್ಯಾರ’ ಅಂತ ಹೇಳಿಕಿ ಬಂತು. ಓಡಿದೆ.

“ಸಪ್ಪಳ ಏನ್ಮಾಡಿದ್ರಿ?” ಅಂದ್ರು ಮಾಲಕರು.

“ಸಪ್ಪಳ ಹೋಗ್ಲಿ ಅಂತನ ಅಲ್ಲೇನ್ರಿ ಹಾಕಿಸಿದ್ದು?”

“ಮೊದಲ ಮನಿ ಕಟ್ಟಿ ಮ್ಯಾಲ ಕುಂತ್ರ ಬಕೆಟ್ಟು ಖಡ್ ಖಡ್ ಅನ್ನೂದು ಕೇಳತಿತ್ತು. ಡ್ರೈವರ್‌ ಕೆಲಸ ಮಾಡಾಕತ್ತಾನ ಅಂತ ಗೊತ್ತಾಗತಿತ್ತು. ಈಗ ಬರೇ ಇಂಜಿನ್‌ ಕೇಳತೈತಿ. ಅವ ಇಂಜಿನ್‌ ಚಾಲೂ ಇಟ್ಟು ಮಕ್ಕೊಂಡಿರತಾನ!”

ಡ್ರೈವರ್‌ ಅಳಕೋತ ಹೇಳಿದ: “ದಿನಕ್ಕ ಹತ್ತು ಸಲ ಬಂದು ನನ್ನ ಕಣ್ಣು ಕೆಂಪದಾವೇನು ಅಂತ ನೋಡತಾರ್ರಿ.”

ಮಾಲಕರು ನನ್ನ ಬಾಜೂಕ ಕರದು, “ಒಂದರ ಹಳೇ ಪಿನ್ನು ಹಾಕ್ರಿ, ಸ್ವಲ್ಪ ಸಪ್ಪಳ ಇರಲಿ,” ಅಂದ್ರು. ಹಂಗ ಮಾಡಿದ್ರ ಹೊಸಾ ಬುಶ್ಶೂ ಹಾಳಾಗತೈತಿ. ಅದಕ್ಕ ಎತ್ತಿನ ಕೊಳ್ಳಗಂಟಿ ತರಿಸಿ ಬಕೆಟ್ಟಿಗೆ ಕಟ್ಟಿದೆ. ಬಕೆಟ್ಟು ಆಡಿದ್ರ ಠಣ್ ಠಣ್. ಮಾಲಕರಿಗೆ ಭಾಳ ಸಮಾಧಾನ ಆತು.

ಒಂದು ವಾರಕ್ಕ ಮತ್ತ ಹೇಳಿಕಿ: “ಗಂಟಿ ದಿನಾ ಚಲೋ ಕೇಳತಿತ್ರಿ. ಇವತ್ತು ಹೋಗಿ ನೋಡಿದ್ರ ಅದು ಮೇಯೋ ಎತ್ತಿನ ಕೊಳ್ಳಾಗ ಐತಿ!”

೩. ಗ್ರೀಸು

ಹಿರೇಕೆರೂರಿನವರದು ಸಣ್ಣ ಕಥಿ. ಆ ಮಾಲಕರು ಹಳೇ ಸಾಮಾನೆಲ್ಲ ಮುಂದ ಇಡಿಸಿಕೊಂಡ್ರು. ಅದು ಎಲ್ಲಾ ಕಡೆ ಇದ್ದ ಪದ್ಧತಿನ. ಹಳೇದು ಕೈಗೆ ಬಂದ್ರ ಮಾತ್ರ ಹೊಸಾದು ಬಿದ್ದೈತಿ ಅಂತ ಖಾತ್ರಿ. ಪಿನ್ನು, ಬುಶ್ಶು, ಒಡದ ವಾಶರ್‌, ಎಲ್ಲಾ ಕೊಟ್ಟೆ. ಒರಸಿದ ಹಳೇ ಗ್ರೀಸೂ ಡಬ್ಬಿಗೆ ತುಂಬಿಸಿದ್ರು, ಚಕ್ಕಡಿ ಗಾಲಿಗೆ ಆಗತೈತಿ ಅಂತ. ನಾ ಕೈ ತೊಳಿಯಾಕ ಎದ್ದೆ.

“ತಡೀರಿ,” ಅಂದ್ರು ನನ್ನ ಮೊಣಕೈ ನೋಡಿ, “ಅದೂ ನಮ್ದ ಅಲ್ಲೇನ್ರಿ?”

೪. ಕುಟ್ಟಾಣಿ

ಇವರೆಲ್ಲರ ಅಪ್ಪ ಅಂದ್ರ ಸವಣೂರು ತಾಲೂಕಿನ ಹತ್ತಿಮತ್ತೂರಿನ ಸಾವ್ಕಾರ್ರು. ಹಿಂದಿನ ಸಲ ನಾ ತಗದು ಕೊಟ್ಟಿದ್ದ ಹಳೇ ಪಿನ್ನು ಬುಶ್ಶು ಅವರ ತಾಯಿ ಪಾಲಿಗೆ ಹೋಗಿದ್ವು. ಬಾಯಾಗ ಹಲ್ಲಿಲ್ಲದ ಮುದುಕಿ, ಬುಶ್ಶು ಕಲ್ಲಿನ ಮ್ಯಾಲ ಇಟ್ಟು ಅದರಾಗ ಪಿನ್ನಲೆ ಎಲಿ ಅಡಿಕಿ ಕುಟಗೊಂತಿದ್ಲು.

ಈ ಸಲ ಹಳೇ ಪಿನ್ನು ಹೊರಗ ಬರೂದರಾಗ ಸಂಜಿ ಆತು. “ಹೊಸಾ ಪಿನ್ನು ನಿಮ್ಮ ಕಡೆ ಬ್ಯಾಡ್ರಿ,” ಅಂದು ಸಾವ್ಕಾರ್ರು ಅದನ್ನ ಅರಿವ್ಯಾಗ ಸುತ್ತಿ ಒಳಮನಿ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಿ, ಕೀಲಿ ಉಡದಾರಕ್ಕ ಕಟಗೊಂಡ್ರು.

ಮರುದಿನ ಮುಂಜಾನೆ ಕೆಲಸ ನೋಡಾಕ ಅಂತ ಹಾನಗಲ್ಲಿನ ಮಾಲಕರೂ ಬಂದಿದ್ರು. ಎಲ್ಲರ ಮುಂದ ಅರಿವಿ ಬಿಚ್ಚಿದ್ರ ಒಳಗ ಸವದ ಪಿನ್ನು!

“ಹೊಸಾದು ಎಲ್ಲಿ ಮಾರಿದಿ?” ಸಾವ್ಕಾರ್ರ ಬಾಯಾಗಿನ ‘ರಿ’ ಎಲ್ಲಾ ಒಮ್ಮೆಲೆ ಬಿದ್ದುಹೋತು.

“ಕೀಲಿ ನಿಮ್ಮ ನಡದಾಗ ಐತಲ್ರಿ!”

“ಅದಕ್ಕ ಅಂತೇನಿ, ಪಕ್ಕಾ ಕಳ್ಳ ನೀ!”

ಹಾನಗಲ್ಲಿನವರು ನನ್ನ ಕೈಚೀಲ ನೋಡಿದ್ರು. ಮುಗೀತು, ನಾಳೆ ಹಳೇ ಗ್ಯಾರೇಜು ಅನಕೊಂಡೆ. ಚೀಲ ಬುಡಮೇಲು ಮಾಡಿ ಸುರದೆ. ಆಮ್ಯಾಲ ಆ ಪಿನ್ನು ಕೈಯಾಗ ಹಿಡದು ನೋಡಿದೆ. ತುದಿ ಕೆಂಪಗಿತ್ತು. ತುಕ್ಕು ಅನಕೊಂಡು ಮೂಸಿದೆ. ಸುಣ್ಣ, ಕಾಚು, ಎಲಿ!

“ಸಾವ್ಕಾರ್ರ, ನೀವೂ ಒಂದ್ಸಲ ಮೂಸ್ರಿ.”

ಅವರು ಮೂಸೂ ಹೊತ್ತಿಗೆ ಪಡಸಾಲಿ ಒಳಗಿಂದ ಟಣ್, ಟಣ್ ಅಂತ ಕೇಳಿತು. ಎಲ್ಲರೂ ಒಳಗ ನುಗ್ಗಿದ್ವಿ. ಮುದುಕಿ ಪಳಪಳ ಹೊಳಿಯೋ ಹೊಸಾ ಪಿನ್ನು ಹಿಡದು ಅಡಿಕಿ ಕುಟ್ಟಾಕತ್ತಿದ್ಲು.

“ಯವ್ವಾ! ಪೆಟ್ಟಿಗಿ ಹೆಂಗ ತಗದಿ?”

“ಪೆಟ್ಟಿಗಿ ನಾ ತವರಿಂದ ತಂದದ್ದು. ಎರಡು ಕೀಲಿ ಅದಾವು. ನಿನ್ನಂಥ ಮಗಾ ಇದ್ಮ್ಯಾಲ ಒಂದು ನನ್ನ ಕಡೆ ಬ್ಯಾಡೇನು? ನನ್ನ ಹಳೇದು ಸವದು ಅಡಿಕಿ ಸಂದ್ಯಾಗ ಜಾರತಿತ್ತು. ಒಗದ್ರ ನೀ ಕೇಳತಿ ಅಂತ ಅರಿವ್ಯಾಗ ಸುತ್ತಿಟ್ಟೆ.”

“ಅದು ಮಷೀನಿಂದು ಯವ್ವಾ!”

“ನಿನ್ನ ಮಷೀನಿಗೆ ಹಲ್ಲದಾವು. ನನಗೆಲ್ಲಿ ಅದಾವು?”

ಹಾನಗಲ್ಲಿನವರು ಹೊಟ್ಟಿ ಹಿಡಕೊಂಡು ನಕ್ರು. ನನಗ ಹೋದ ಜೀವ ಬಂದಂಗಾತು. ಮುದುಕಿ ಹೆಬ್ಬೆರಳಿಲೆ ಪಿನ್ನಿಗೆ ಸುಣ್ಣದ ಗುರುತು ಹಾಕಿ, ಮಗನ ಕೈ ದಾಟಿಸಿ ನನ್ನ ಕೈಗೆ ಕೊಟ್ಲು.

“ನಿನ್ನ ನಂಬಿ ಕೊಡಾಕತ್ತೇನೋ ತಮ್ಮಾ. ಇವನ್ನ ನಂಬಾಂಗಿಲ್ಲ. ಸವದ ಮ್ಯಾಲ ಇದ ಪಿನ್ನು ನನಗ ತಿರುಗಿ ಬರಬೇಕು.”

ನಾಕು ತಾಲೂಕಿನ್ಯಾಗ ನನ್ನ ನಂಬಿದ ಮೊದಲನೇ ಜೀವ! ಕಣ್ಣಾಗ ನೀರು ಬಂತು. ಕಾಲಿಗೆ ಬಿದ್ದು ಎದ್ದೆ. ಹೊರಗ ಬಂದು ನೋಡಿದ್ರ ನನ್ನ ಚಪ್ಪಲಿ ಇಲ್ಲ.

“ಒಳಗ ಇಡಿಸೇನಿ,” ಅಂದ್ಲು ಮುದುಕಿ. “ಪಿನ್ನು ಬರೂತನಕ ಇರಲಿ.”

“ಸವಿಯಾಕ ಎರಡು ವರ್ಷ ಬೇಕು ಯವ್ವಾ!”

“ಇರಲೇಳು. ಚಪ್ಪಲಿ ಏನು ಅನ್ನ ಕೇಳತಾವೇನು?”

ಪಿನ್ನು ಹಾಕಿ ಮುಗಿಸಿ ಬರಿಗಾಲಲೆ ಶಿಗ್ಗಾಂವಿಗೆ ಬಂದೆ. ಹೆಂಡ್ತಿ ಬಾಗಲದಾಗ ನಿಂತು ಕಾಲು ನೋಡಿದ್ಲು. “ಚಪ್ಪಲಿ ಎಲ್ಲಿ?”

“ಹತ್ತಿಮತ್ತೂರಾಗ ಒಬ್ಬಾಕಿ ಇಟಗೊಂಡಾಳ. ಎರಡು ವರ್ಷ ಬಿಟ್ಟು ಕೊಡತಾಳಂತ.”

ಮರುದಿನ ನಾ ಏಳೂದರಾಗ ಆಕಿ ಹತ್ತಿಮತ್ತೂರಿನ ಮೊದಲನೇ ಬಸ್ಸು ಹತ್ತಿ ಕುಂತಿದ್ಲು.